ಕೆಂಚಿ ಕಾಯ್ದ ಜೊಂಡು

ಬಂಡೆಗಳ ನಡುವೆ ನುಗ್ಗಿ ಬರುವ ಹೊಳೆಯೊಂದು ಕಾಡಿನ ಒಂದು ತಗ್ಗಿಗೆ ಬಂದು ದಣಿವಾರಿಸಿಕೊಳ್ಳುತ್ತಿತ್ತು. ಆ ತಗ್ಗಿನ ಹೆಸರು ಗುಂಡುಮಡು. ಮಡುವಿಗೆ ಎರಡು ತೋಳು. ಸೂರ್ಯ ಹುಟ್ಟುವ ಕಡೆಗೆ ಚಾಚಿದ್ದು ಮೂಡಣ ತೋಳು, ಮುಳುಗುವ ಕಡೆಗೆ ಚಾಚಿದ್ದು ಪಡುವಣ ತೋಳು. ಎರಡರ ಅಂಚಿಗೂ ಜೊಂಡುಹುಲ್ಲು. ಬುಡ ನೀರಿನಲ್ಲಿ, ತಲೆ ಗಾಳಿಯಲ್ಲಿ. ನಡುವೆ, ಆನೆ ಮಲಗಿದಂತೆ ಒಂದು ಬಂಡೆ.

ಆ ಬಂಡೆಯಡಿಯ ಬಿಲದಲ್ಲಿ ಕೆಂಚಿ ಎಂಬ ನೀರುನಾಯಿ ಸಂಸಾರ ಹೂಡಿದ್ದಳು. ಮಕ್ಕಳೇ, ನೀರುನಾಯಿ ಎಂದರೆ ಬೀದಿಯಲ್ಲಿ ಬೊಗಳುವ ನಾಯಿಯಲ್ಲ. ಬೆಕ್ಕಿನ ಮೀಸೆ, ದೋಣಿಯ ಮೈ, ಹುಟ್ಟು ಹಾಕಿದಂತೆ ಆಡುವ ಬಾಲ. ನೀರಿಗಿಳಿದರೆ ಮೀನಿಗೂ ಅದು ಎಲ್ಲಿಂದ ಬಂತೆಂದು ತಿಳಿಯದು.

ಮನೆಗೆ ಹಿರಿಯಳು ಅತ್ತೆ ದ್ಯಾಮಿ. ಹೊಟ್ಟೆಬಾಕ ಮೈದುನ ಗುಂಡ, ಜೊತೆಗೆ ಒಂದು ಹಿಂಡು ನೆಂಟರು. ಬಿಲದೊಳಗೆ ಕೆಂಚಿಯ ಮರಿಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು. ಅವುಗಳ ಕಾವಲಿಗೆ ಗಂಡ ಬಿಲದ ಬಾಯಲ್ಲೇ ಕೂರುತ್ತಿದ್ದ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮೀನು ತಿಂದು ಮೇಲೆ ಬಂದವರು ಜೊಂಡಿಗೆ ನುಗ್ಗಬೇಕು. ಬೆನ್ನಡಿ ಮಾಡಿ ಹೊರಳಬೇಕು. ಮೈ ಒಣಗಿ ಮಿರಮಿರ ಮಿಂಚಿದ ಮೇಲೆಯೇ ಒಳಗೆ ಕಾಲಿಡಬೇಕು.

"ಒದ್ದೆ ಮೈಯಲ್ಲಿ ಬಿಲಕ್ಕೆ ಬರೋರು ನಮ್ಮ ವಂಶದವರೇ ಅಲ್ಲ," ಎನ್ನುತ್ತಿದ್ದಳು ದ್ಯಾಮಿ.

ಎಲ್ಲವೂ ಚೆನ್ನಾಗಿಯೇ ಇತ್ತು, ಮಡುವಿನಲ್ಲಿ ಗೆಂಡೆಮೀನು ಕಡಿಮೆಯಾಗುವವರೆಗೆ. ಮೊದಮೊದಲು ಒಂದು ಮುಳುಗಿಗೆ ಒಂದು ಮೀನು ಸಿಗುತ್ತಿತ್ತು. ಈಗ ಮುಳುಗಿ ಮುಳುಗಿ ಕಿವಿ ನೋಯುತ್ತಿತ್ತೇ ಹೊರತು ಬಾಯಿಗೆ ಬರುತ್ತಿದ್ದುದು ಏಡಿ. ಕೆಂಚಿಯ ಎದೆಹಾಲು ಇಳಿಯುತ್ತ ಬಂತು. ಮರಿಗಳು ನಿದ್ದೆಯಲ್ಲೂ ಕುಂಯ್‌ಗುಟ್ಟುತ್ತಿದ್ದವು.

ಬೇರೆ ಮಡುವಿಗೆ ಹೋಗೋಣವೆಂದರೆ ಕಾದ ಮರಳುದಿಬ್ಬ ದಾಟಬೇಕು. ಅಲ್ಲಿ ಬೀಡಾಡಿ ನಾಯಿಗಳ ಹಿಂಡು. ನಡೆಯಲು ಬಾರದ ಮರಿಗಳನ್ನು ಕಚ್ಚಿಕೊಂಡು ಆ ದಾರಿ ಹಿಡಿದವರಲ್ಲಿ ಎಷ್ಟು ಜನ ತಲುಪಿದರೋ, ತಿರುಗಿ ಬಂದು ಹೇಳಿದವರಿಲ್ಲ.

'ಈ ಮಡು ಉಳಿಯಬೇಕು,' ಎಂದುಕೊಂಡಳು ಕೆಂಚಿ. 'ಉಳಿಸಿಯೇ ತೀರುತ್ತೇನೆ.'

ಮೀನು ತಿನ್ನುತ್ತಿರುವವರು ಯಾರೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ದಡದ ಹೊಳೆಮತ್ತಿ ಮರದಲ್ಲಿ ನೀರುಕಾಗೆಗಳು ಗೂಡು ಕಟ್ಟಿದ್ದವು. ಕಪ್ಪು ಹಕ್ಕಿಗಳು, ಮುಳುಗಿ ಮೀನು ಹಿಡಿಯುವುದರಲ್ಲಿ ನೀರುನಾಯಿಗೆ ಸಮಸಮ. ಅವುಗಳ ಯಜಮಾನ ಕಪ್ಪಣ್ಣ.

ಒಂದು ಬೆಳಿಗ್ಗೆ ಕೆಂಚಿ ಬಂಡೆಯ ಮೇಲೆ ಎಲ್ಲರನ್ನೂ ಕರೆದಳು. ನ್ಯಾಯ ಹೇಳಲು ಆಮೆಜ್ಜಿ ಬಂದಳು. ಅವಳ ಊಟ ಪಾಚಿ, ಮೀನಿನ ಗೊಡವೆಯಿಲ್ಲ. ಅದಕ್ಕೇ ಎರಡೂ ಕಡೆಯವರು ಅವಳ ಮಾತಿಗೆ ಒಪ್ಪುತ್ತಿದ್ದರು.

"ನಿನ್ನ ಮರ ನೋಡು ಕಪ್ಪಣ್ಣ," ಎಂದಳು ಕೆಂಚಿ. "ಒಂದು ಕೊಂಬೆಯೂ ಖಾಲಿ ಇಲ್ಲ. ಇಷ್ಟು ಬಾಯಿ ಇಳಿದರೆ ಮಡುವಿನಲ್ಲಿ ಮೀನು ಉಳಿಯುತ್ತಾ?"

ಕಪ್ಪಣ್ಣ ರೆಕ್ಕೆ ಹರಡಿಕೊಂಡು ಗಾಳಿಗೆ ಮೈ ಒಣಗಿಸುತ್ತಿದ್ದ. ಮಡಚುವ ಗೋಜಿಗೂ ಹೋಗದೆ ಹೇಳಿದ, "ನಮ್ಮ ಬಾಯಿ ಎಣಿಸೋಕೆ ಮೊದಲು ನಿಮ್ಮ ಹೊಟ್ಟೆ ನೋಡ್ಕೊಳ್ಳಿ ಕೆಂಚಕ್ಕ. ನಿಮ್ಮ ಗುಂಡ ಒಬ್ಬ ತಿನ್ನೋದರಲ್ಲಿ ನಮ್ಮ ಒಂದು ಕೊಂಬೆ ಬದುಕುತ್ತೆ."

"ನಾನು ಈಚೆಗೆ ಊಟ ಬಿಟ್ಟೇಬಿಟ್ಟಿದ್ದೀನಿ," ಎಂದ ಗುಂಡ, ಏಡಿಯ ಕಾಲು ಅಗಿಯುತ್ತ.

"ಜಗಳ ಆಡಿದರೆ ಮೀನು ಹುಟ್ಟಲ್ಲ," ಎಂದಳು ಕೆಂಚಿ. "ಪರೀಕ್ಷೆ ಮಾಡೋಣ. ಎರಡು ತೋಳೂ ಒಂದೇ ಥರ ಇವೆ. ಆಳ ಒಂದೇ, ಮರಳು ಒಂದೇ, ಜೊಂಡು ಒಂದೇ. ಈ ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆವರೆಗೆ ಮೂಡಣ ತೋಳಿಗೆ ನೀರುಕಾಗೆಗಳು ಇಳಿಯಬಾರದು. ಪಡುವಣದಲ್ಲಿ ಎಂದಿನಂತೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ."

"ನೋಡೋದು ಹೇಗೆ? ಮೀನು ಸಾಲಾಗಿ ನಿಂತು ಹಾಜರಿ ಹೇಳುತ್ತಾ?"

"ದಿನವೂ ಬಿಸಿಲು ನೀರಿಗೆ ಬಿದ್ದ ಕೂಡಲೇ ನಾನು ಮುಳುಗುತ್ತೀನಿ. ಆ ತೋಳಿನಲ್ಲೊಂದು ಕಲ್ಲು, ಈ ತೋಳಿನಲ್ಲೊಂದು ಕಲ್ಲು. ಕಲ್ಲು ಹಿಡಿದು ಒಂದು ಉಸಿರಿನಷ್ಟು ಹೊತ್ತು ಅಲ್ಲಾಡದೆ ಇರುತ್ತೀನಿ. ಕಣ್ಣೆದುರು ಎಷ್ಟು ಮೀನು ಹಾದವೋ, ಅಷ್ಟು ಹರಳು ಬಂಡೆಯ ಮೇಲೆ ಇಡುತ್ತೀನಿ. ಮೂಡಣಕ್ಕೆ ಒಂದು ಗುಡ್ಡೆ, ಪಡುವಣಕ್ಕೆ ಒಂದು ಗುಡ್ಡೆ."

ಕಪ್ಪಣ್ಣ ಮೊದಲ ಸಲ ರೆಕ್ಕೆ ಮಡಚಿದ. "ಆಗಲಿ. ತಪ್ಪು ನಮ್ಮದಾದರೆ ನಾವು ಮರ ಬಿಡ್ತೀವಿ. ನಿಮ್ಮದಾದರೆ ನೀವು ಬಿಲ ಬಿಡಬೇಕು."

"ಒಪ್ಪಿದೆ."

ಆಮೆಜ್ಜಿ ಕತ್ತು ಹೊರಚಾಚಿದಳು. "ಒಂದು ಮಾತು ಕೇಳ್ತೀನಿ ಕೆಂಚಿ. ನೀನು ಹುಡುಕ್ತಾ ಇರೋದು ಮೀನು ಕಡಿಮೆಯಾದ ಕಾರಣವೋ, ಕಪ್ಪಣ್ಣನ ತಪ್ಪೋ?"

"ಎರಡೂ ಒಂದೇ ಅಜ್ಜಿ."

ಕೆಂಚಿ ಎಡವಿದ್ದು ಅಲ್ಲೇ.

ಪರೀಕ್ಷೆ ಶುರುವಾಯಿತು. ಕೆಂಚಿ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಮಂಜು ಮುಸುಕಿದರೂ ಬಿಸಿಲಿಗೆ ಕಾದು ಕೂತು ಮುಳುಗಿದಳು. ಹರಳಿನ ಗುಡ್ಡೆಗಳು ಬೆಳೆದವು. ಮೂಡಣದ ಗುಡ್ಡೆ ತುಸು ದೊಡ್ಡದಾಯಿತು.

"ನೋಡಿದಿರಾ?" ಎಂದು ಮೀಸೆ ಕುಣಿಸಿದಳು.

ಆಮೆಜ್ಜಿ ನೀರಿನಿಂದ ತಲೆ ಎತ್ತಿದಳು. "ಗುಡ್ಡೆ ನೋಡಿದೆ. ನಿನ್ನನ್ನೂ ನೋಡಿದೆ. ಪಡುವಣದಲ್ಲಿ ಮುಳುಗಿದವಳು ಬೇಗ ಮೇಲೆ ಬರ್ತೀಯ. ಮೂಡಣದಲ್ಲಿ ನಿನ್ನ ಉಸಿರು ಉದ್ದವಾಗುತ್ತಲ್ಲೇ?"

"ಸುಳ್ಳು!" ಎಂದಳು ಕೆಂಚಿ. ಆದರೂ ಮರುದಿನ ಮುಳುಗಿದಾಗ ತನ್ನನ್ನು ತಾನೇ ಗಮನಿಸಿದಳು. ಮೂಡಣದ ಕಲ್ಲು ಹಿಡಿದಾಗ ಎದೆ ಬಿರಿಯುತ್ತಿದ್ದರೂ ಮನಸ್ಸು ಹೇಳುತ್ತಿತ್ತು, 'ಇನ್ನೊಂದು ಮೀನು ಬರಲಿ, ಇನ್ನೊಂದೇ ಒಂದು.' ಅಜ್ಜಿ ಹೇಳಿದ್ದು ನಿಜವಾಗಿತ್ತು.

ಮೇಲೆ ಬಂದವಳೇ ಎರಡೂ ಗುಡ್ಡೆಗಳನ್ನು ಬಾಲದಿಂದ ಗುಡಿಸಿ ನೀರಿಗೆ ತಳ್ಳಿದಳು.

"ಏನಮ್ಮಾ ಇದು, ಇಷ್ಟು ದಿನದ ಕೆಲಸ!" ಎಂದ ಗುಂಡ.

"ತಪ್ಪು ಎಣಿಕೆ ಎಷ್ಟು ದಿನದ್ದಾದರೂ ತಪ್ಪೇ. ಕಪ್ಪಣ್ಣ, ನಾಳೆಯಿಂದ ನೀನೂ ನನ್ನ ಜೊತೆ ಮುಳುಗು. ಯಾರ ಉಸಿರು ಮೊದಲು ಮುಗಿಯುತ್ತೋ, ಇಬ್ಬರೂ ಆಗಲೇ ಮೇಲೆ ಬರೋದು. ಇಬ್ಬರೂ ಒಪ್ಪಿದಷ್ಟೇ ಹರಳು."

"ಉಸಿರಿನಲ್ಲಿ ನನ್ನನ್ನ ಸೋಲಿಸ್ತೀಯಾ?" ಎಂದು ನಕ್ಕ ಕಪ್ಪಣ್ಣ. ಆದರೆ ಬಂದ.

ಹುಣ್ಣಿಮೆ ಮತ್ತೆ ಬಂತು. ಬಂಡೆಯ ಮೇಲೆ ಎರಡು ಗುಡ್ಡೆ. ಅವಳಿ ಮಕ್ಕಳಂತೆ ಒಂದೇ ಎತ್ತರ. ಎರಡೂ ಕುಳ್ಳು.

ನೀರುಕಾಗೆಗಳು ಮರದಲ್ಲಿ ಗದ್ದಲವೆಬ್ಬಿಸಿದವು. ಕಪ್ಪಣ್ಣ ಮಾತ್ರ ನಗಲಿಲ್ಲ. ಅವನ ಗೂಡಿನಲ್ಲೂ ಬಾಯಿ ತೆರೆದ ಮರಿಗಳಿದ್ದವು. "ನಾವಲ್ಲ ಅಂತ ಗೊತ್ತಾಯ್ತು. ಆದರೆ ಮೀನು ಬರಲಿಲ್ಲವಲ್ಲ," ಎಂದ.

ಕೆಂಚಿಗೆ ನಂಬಿಕೆ ಬರಲಿಲ್ಲ. 'ಕದ್ದು ಇಳಿದಿದ್ದಾರೆ. ನಾನು ನೋಡದಾಗ ಮೂಡಣಕ್ಕೆ ಇಳಿದಿದ್ದಾರೆ. ಕೈಯಾರೆ ಹಿಡಿಯುತ್ತೇನೆ.' ಪರೀಕ್ಷೆಯ ಗಡುವನ್ನು ಒಂದು ವಾರ ಮುಂದೂಡಬೇಕೆಂದು ಅಜ್ಜಿಯನ್ನು ಕೇಳಿಕೊಂಡಳು. ದಿನಾ ನಸುಕಿನಲ್ಲೇ ಮೂಡಣದ ಜೊಂಡಿನೊಳಗೆ ಹೊಟ್ಟೆಯೂರಿ ಮಲಗಿದಳು.

ಯಾವ ನೀರುಕಾಗೆಯೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಕಾದು ಕಾದು ಬೇಸತ್ತ ಒಂದು ಬೆಳಿಗ್ಗೆ ಕೆಂಚಿ ಗದ್ದವನ್ನು ಕೆಸರಿಗೆ ಊರಿದಳು. ಮೂಗಿನ ಪಕ್ಕದಲ್ಲೇ ಒಂದು ಜೊಂಡಿನ ದಂಟು ಬಾಗಿ ಬಿದ್ದಿತ್ತು. ಅವಳದೇ ಮೊಣಕೈ ಅದನ್ನು ನೀರಿನಿಂದೆತ್ತಿ ದಡಕ್ಕೆ ಒತ್ತಿತ್ತು. ದಂಟಿನ ಬುಡದಲ್ಲಿ ಏನೋ ಮಿನುಗಿತು. ಸಾಸಿವೆಗಿಂತ ಸಣ್ಣ, ಇಬ್ಬನಿಯಂಥ ಗುಂಡುಗಳು.

ಮೀನಿನ ಮೊಟ್ಟೆ.

ನೋಡನೋಡುತ್ತಿದ್ದಂತೆ ಬಿಸಿಲೇರಿತು. ಮೊಟ್ಟೆಗಳ ಹೊಳಪು ಆರಿತು. ಆಮೇಲೆ ಒಂದೊಂದಾಗಿ ಬೆಳ್ಳಗಾಗಿ ಮುದುಡಿಕೊಂಡವು.

ಕೆಂಚಿ ಸುತ್ತ ನೋಡಿದಳು. ಎಲ್ಲಿ ನೋಡಿದರೂ ಬಾಗಿದ ದಂಟು, ಮುರಿದ ದಂಟು, ಚಾಪೆಯಂತೆ ಹಾಸಿಹೋದ ಜೊಂಡು. ಗುಂಡನ ಬೆನ್ನಿನ ಅಚ್ಚು ಇಲ್ಲಿ. ಅತ್ತೆ ಹೊರಳಿದ ಜಾಗ ಅಲ್ಲಿ. ತನ್ನದು, ಅದರ ಪಕ್ಕದಲ್ಲೇ. ಹಕ್ಕಿಗಳನ್ನು ದೂರ ಇಟ್ಟ ತೋಳಿನಲ್ಲೂ ಅವರು ದಿನಾ ಹೊರಳಿದ್ದರು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕಳ್ಳನನ್ನು ಹಿಡಿಯಲು ಬಂದವಳಿಗೆ ಸಿಕ್ಕಿದ್ದು ತನ್ನದೇ ಬೆನ್ನಿನ ಅಚ್ಚು.

ಬಿಲಕ್ಕೆ ಬಂದು ಅತ್ತೆಗೆ ಹೇಳಿದಳು. ದ್ಯಾಮಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಚಿಕೊಂಡಿರು. ನಿನ್ನ ಮರಿಗಳನ್ನ ನೀನೇ ನಾಯಿ ಬಾಯಿಗೆ ಹಾಕ್ತೀಯಾ? ನಮ್ಮಜ್ಜಿ ಹೊರಳಿದ್ದೂ ಅಲ್ಲೇ, ಅವರಮ್ಮ ಹೊರಳಿದ್ದೂ ಅಲ್ಲೇ. ಆಗ ಮೀನಿರಲಿಲ್ವಾ?"

"ಆಗ ನಾವು ಇಷ್ಟು ಜನ ಇರಲಿಲ್ಲ ಅತ್ತೆ. ಜೊಂಡು ತಿರುಗಿ ಏಳೋಕೆ ಪುರುಸೊತ್ತಿತ್ತು."

"ಯಾರೂ ನೋಡಿಲ್ಲ ಅಂದೆಯಲ್ಲ!"

"ನಾನು ನೋಡಿದೆನಲ್ಲ."

ಮರಿಗಳು ಅವಳ ಹೊಟ್ಟೆಗೆ ಮೂಗು ತೂರಿಸಿ ಹಾಲು ಹುಡುಕಿದವು. ಕೆಂಚಿ ಅವುಗಳ ತಲೆ ನೆಕ್ಕಿದಳು. ಸುಮ್ಮನಿದ್ದರೆ ಬಿಲ ಉಳಿಯುತ್ತದೆ, ಮೀನು ಉಳಿಯುವುದಿಲ್ಲ. ಹೊರಟುಹೋದರೂ ಅಷ್ಟೇ. ಇದೇ ಮೈ, ಇದೇ ಹೊರಳಾಟ. ಹೋದ ಮಡುವಿನಲ್ಲೂ ಇದೇ ಗತಿ. ಅವಳು ಎದ್ದು ಬಂಡೆ ಹತ್ತಿದಳು.

ಎಲ್ಲರೂ ಸೇರಿದ ಮೇಲೆ ಕಂಡದ್ದನ್ನು ಕಂಡಂತೆ ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. "ನಿನ್ನ ಮೇಲೆ ತಪ್ಪು ಹೊರಿಸಿದೆ ಕಪ್ಪಣ್ಣ. ನೋಡೋಕೆ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ."

ಮರದಲ್ಲಿ ಗದ್ದಲವೆದ್ದಿತು. "ಹೊರಡಲಿ! ಇವತ್ತೇ ಹೊರಡಲಿ!"

"ಮಾತು ಕೊಟ್ಟಿದ್ದೀಯ," ಎಂದ ಕಪ್ಪಣ್ಣ.

"ಕೊಟ್ಟಿದ್ದೀನಿ, ಉಳಿಸಿಕೊಳ್ತೀನಿ. ಆದರೆ ನಾನು ನೋಡಿದ್ದು ಒಂದು ದಂಟು. ಆವತ್ತು ಮರದ ತುಂಬ ಹಕ್ಕಿ ನೋಡಿ ನಿನ್ನನ್ನ ಕಳ್ಳ ಅಂದೆ. ಇವತ್ತು ಒಂದು ದಂಟು ನೋಡಿ ನಮ್ಮನ್ನ ಕಳ್ಳರು ಅಂದರೆ ಕಲಿತದ್ದೇನು? ಬರೋ ಹುಣ್ಣಿಮೆವರೆಗೆ ಇನ್ನೊಂದು ಪರೀಕ್ಷೆ ಬೇಕು. ಈ ಸಲ ಪಡುವಣ ತೋಳು. ಮೀನನ್ನ ಎರಡೂ ತೋಳಿನಲ್ಲಿ ನಾವೂ ನೀವೂ ಹಿಡಿಯೋಣ. ಆದರೆ ಪಡುವಣದ ಜೊಂಡಿಗೆ ನಮ್ಮವರು ಯಾರೂ ಮೈ ತಾಗಿಸೋ ಹಾಗಿಲ್ಲ. ಮೂಡಣದಲ್ಲಿ ಎಂದಿನಂತೆ ಹೊರಳ್ತೀವಿ. ಬದಲಾಗೋದು ಅದೊಂದೇ. ಪಡುವಣದಲ್ಲಿ ಮೀನು ಹೆಚ್ಚಿದರೆ ತಪ್ಪು ನಮ್ಮದೇ. ಹೊರಡ್ತೀವಿ."

ತನ್ನನ್ನು ಓಡಿಸಲು ತಾನೇ ಸಾಕ್ಷಿ ಕೂಡಿಸುವವಳನ್ನು ನೀರುಕಾಗೆಗಳು ಎಂದೂ ಕಂಡಿರಲಿಲ್ಲ.

"ಮೀನು ಬಂದರೆ ನನಗೂ ಬೇಕು," ಎಂದ ಕಪ್ಪಣ್ಣ ಗೂಡಿನ ಕಡೆ ನೋಡುತ್ತ. "ಮಾಡು."

ಪಡುವಣ ದಡದಲ್ಲಿ ಮೈ ಒಣಗಿಸಲು ಉಳಿದದ್ದು ಮರಳು. ಮೊದಲ ದಿನವೇ ದ್ಯಾಮಿ ಮರಳು ಕೊಡವುತ್ತ ಬಂದಳು. "ಕಿವಿಯಲ್ಲಿ ಮರಳು, ಮೂಗಿನಲ್ಲಿ ಮರಳು. ಮುದಿ ವಯಸ್ಸಿಗೆ ನನ್ನ ಸೊಸೆ ಕೊಟ್ಟ ಉಡುಗೊರೆ!"

"ಒಣಗಿತೋ ಇಲ್ಲವೋ ಅತ್ತೆ?"

"ಒಣಗಿತು. ಅದೇ ಸಂಕಟ," ಎಂದು ದ್ಯಾಮಿ ಗೊಣಗಿದಳು.

ಪಡುವಣದ ಜೊಂಡು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿತು. ಬುಡದಲ್ಲಿ ಹೊಸ ಕುಡಿ ಒಡೆಯಿತು. ತಲೆಯಲ್ಲಿ ಕಂದುಬಣ್ಣದ ತೆನೆ ಮೂಡಿ, ಹಣ್ಣಾಗಿ, ಹತ್ತಿಯಂಥ ಅರಳೆ ಬಿಚ್ಚಿತು. ಕೆಂಚಿ ಮತ್ತು ಕಪ್ಪಣ್ಣ ದಿನಾ ಜೊತೆಯಲ್ಲಿ ಮುಳುಗಿದರು. ಮುಳುಗುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ. ಮೇಲೆ ಬಂದ ಮೇಲೆ ಒಂದೊಂದು ಹರಳಿಗೂ ಜಗಳವಾಡುತ್ತಿದ್ದರು.

"ಅದು ಮೀನಲ್ಲ, ಎಲೆ."

"ಎಲೆಗೆ ಕಣ್ಣಿರುತ್ತೇನೋ?"

ಒಂದು ಬೆಳಿಗ್ಗೆ ಗುಂಡ ಬಂಡೆಯ ಹತ್ತಿರ ಬಂದು, ಏನೂ ಆಗದವನಂತೆ ಬಿಸಿಲು ಕಾಯಿಸತೊಡಗಿದ. ಅವನ ಮೀಸೆಯ ತುಂಬ ಬಿಳಿ ಅರಳೆ. ಹುಬ್ಬಿಗೂ ಮೆತ್ತಿತ್ತು.

"ಗುಂಡಣ್ಣನಿಗೆ ರಾತ್ರೋರಾತ್ರಿ ತಲೆ ನೆರೆತಿದೆ," ಎಂದ ಕಪ್ಪಣ್ಣ.

ಗುಂಡ ಮೀಸೆ ಮುಟ್ಟಿ ನೋಡಿಕೊಂಡ. ಕೈಗೆ ಅರಳೆ ಬಂತು. "ಗಾಳಿ... ಗಾಳಿ ಜಾಸ್ತಿ ಇತ್ತು ಅತ್ತಿಗೆ."

ಮೂಡಣದ ಜೊಂಡು ಒಂದೂ ನೆಟ್ಟಗಿಲ್ಲ; ಅಲ್ಲಿ ಅರಳೆ ಬಿಟ್ಟೇ ಇರಲಿಲ್ಲ. ಅರಳೆ ಇದ್ದದ್ದು ಪಡುವಣದಲ್ಲಿ ಮಾತ್ರ.

"ಪರೀಕ್ಷೆ ಕೆಟ್ಟಿತು!" ಎಂದು ನೀರುಕಾಗೆಗಳು ಕೂಗಿದವು. ದ್ಯಾಮಿ ಸೊಸೆಯ ಕಿವಿಯಲ್ಲಿ, "ಒಳ್ಳೇದೇ ಆಯ್ತು, ಕೆಟ್ಟಿತು ಅಂತಲೇ ಹೇಳು," ಎಂದಳು.

ಕೆಂಚಿ ಗುಂಡನ ಮುಂದೆ ನಿಂತಳು. "ಬೈಯೋದಿಲ್ಲ. ಎಲ್ಲಿ ಹೊರಳಿದೆ, ತೋರಿಸು. ಅಷ್ಟು ಮಾಡು."

ಗುಂಡ ತಲೆ ತಗ್ಗಿಸಿಕೊಂಡು ಹೋಗಿ ತೋರಿಸಿದ. ಒಂದು ಎಮ್ಮೆ ಮಲಗುವಷ್ಟು ಜಾಗ ಚಾಪೆಯಾಗಿತ್ತು. ಕೆಂಚಿ ಅದರ ಸುತ್ತ ಕಲ್ಲು ಜೋಡಿಸಿದಳು. "ಇದನ್ನ ಬೇರೆಯಾಗಿ ನೋಡೋಣ. ಮುಚ್ಚಿಟ್ಟರೆ ಪರೀಕ್ಷೆ ಕೆಡುತ್ತೆ. ಹೇಳಿದರೆ ಇದೂ ಒಂದು ಪಾಠ."

ಪಾಠವೇ ಆಯಿತು. ಕೆಲವು ದಿನ ಕಳೆದ ಮೇಲೆ ಆಮೆಜ್ಜಿ ದಡದುದ್ದಕ್ಕೂ ತೆವಳಿ, ದಂಟಿನ ಬುಡಗಳನ್ನು ನೋಡುತ್ತ ಬಂದಳು. ನೆಟ್ಟಗೆ ನಿಂತ ದಂಟುಗಳ ಬುಡದಲ್ಲೆಲ್ಲ ಮಿನುಗುವ ಮೊಟ್ಟೆ. ಕಲ್ಲಿನ ಸುತ್ತಿನೊಳಗೆ ಒಂದೂ ಇಲ್ಲ. ಅದೇ ತೋಳು, ಅದೇ ನೀರು, ಅದೇ ಹಕ್ಕಿಗಳು. ಬೇರೆ ಇದ್ದದ್ದು ಗುಂಡನ ಬೆನ್ನು ಮಾತ್ರ.

ಆಮೇಲೊಂದು ಬೆಳಿಗ್ಗೆ ಕೆಂಚಿ ಪಡುವಣದ ಕಲ್ಲು ಹಿಡಿದು ಕಣ್ಣು ತೆರೆದಳು. ಜೊಂಡಿನ ಬುಡದಿಂದ ಮರಿಮೀನುಗಳ ಮೋಡವೇ ಹೊರಬಂತು. ಮೀಸೆಗೆ ತಾಗಿದವು, ಮೂಗಿಗೆ ತಾಗಿದವು. ಪಕ್ಕದಲ್ಲಿ ಕಪ್ಪಣ್ಣ ಎಣಿಸುವುದನ್ನೇ ಮರೆತು ಕೊಕ್ಕು ತೆರೆದ. ನೀರು ಕುಡಿದು ಕೆಮ್ಮುತ್ತ ಮೇಲೆ ಹಾರಿದ.

ಹುಣ್ಣಿಮೆಯ ದಿನ ಬಂಡೆಯ ಮೇಲೆ ಮೂಡಣದ ಗುಡ್ಡೆ ಮೊದಲಿನಷ್ಟೇ ಕುಳ್ಳಾಗಿತ್ತು. ಪಡುವಣದ ಗುಡ್ಡೆ ಜಾರಿ ಜಾರಿ ನೀರಿಗೆ ಬೀಳುತ್ತಿತ್ತು.

"ಇನ್ನು ಹೇಳೋದೇನಿದೆ?" ಎಂದಳು ಆಮೆಜ್ಜಿ. "ಜೊಂಡು ಮೀನಿನ ತೊಟ್ಟಿಲು. ತೊಟ್ಟಿಲ ಮೇಲೆ ಮಲಗಿದವರು ನೀವು."

"ಹೌದು ಅಜ್ಜಿ," ಎಂದಳು ಕೆಂಚಿ. ಬಿಲಕ್ಕೆ ಹೋಗಿ ಒಂದು ಮರಿಯ ಕತ್ತು ಹಿಡಿದು ಹೊರತಂದಳು. ಗಂಡ ಇನ್ನೊಂದನ್ನು ತಂದ. ದ್ಯಾಮಿ ಕೊನೆಯ ಬಾರಿಗೆ ಬಿಲದ ಬಾಯನ್ನು ಮೂಸಿದಳು. ಗುಂಡ ಯಾರ ಮುಖವನ್ನೂ ನೋಡದೆ ನಿಂತ. ಮರಳುದಿಬ್ಬದ ಕಡೆಯಿಂದ ನಾಯಿ ಬೊಗಳಿದ ಸದ್ದು ಕೇಳಿತು.

ಮೊದಲ ಹೆಜ್ಜೆಗೆ ಕಪ್ಪಣ್ಣ ಅಡ್ಡ ಬಂದು ಕುಳಿತ. "ಎಲ್ಲಿಗೆ?"

ಕೆಂಚಿ ಮರಿಯನ್ನು ಕೆಳಗಿಟ್ಟಳು. "ಮಾತು ಕೊಟ್ಟಿದ್ದೆನಲ್ಲ."

"ಮಾತು ತಗೊಂಡವನು ನಾನು. ವಾಪಸ್ ಕೊಡೋನೂ ನಾನೇ. ಮಡುವಿನಲ್ಲಿ ಬಾಳೆಮೀನಿದೆ, ನೋಡಿದ್ದೀಯಲ್ಲ? ಆ ಹೆಬ್ಬಾಯಿ ಒಂದೇ ಸಲಕ್ಕೆ ಹಿಡಿ ಹಿಡಿ ಮರಿಮೀನು ನುಂಗುತ್ತೆ. ನನ್ನ ಕೊಕ್ಕಿಗೆ ಅದು ದಕ್ಕಲ್ಲ. ಹಿಡಿಯೋರು ನೀವೇ. ನೀವು ಹೋದರೆ ಬಾಳೆಮೀನು ಹೆಚ್ಚಿ, ನೀವು ಉಳಿಸಿದ್ದನ್ನೆಲ್ಲ ಅದೇ ತಿಂದು ಮುಗಿಸುತ್ತೆ."

ಕೆಂಚಿ ಮೀಸೆ ನೆಟ್ಟಗೆ ಮಾಡಿದಳು. "ಇದು ನೋಡಿ ಹೇಳ್ತಿರೋದೋ, ಊಹೆ ಮಾಡಿ ಹೇಳ್ತಿರೋದೋ?"

"ಊಹೆಯೇ," ಎಂದ ಕಪ್ಪಣ್ಣ. "ನಿಜವೋ ಸುಳ್ಳೋ ನೋಡಬೇಕಾದರೆ ನೀನು ಇಲ್ಲಿರಬೇಕಲ್ಲ!"

ಆಮೆಜ್ಜಿ ಚಿಪ್ಪಿನೊಳಗೆ ನಕ್ಕಳು. ಕೆಂಚಿ ಮೂಡಣ ತೋಳಿನ ಮುರಿದ ಜೊಂಡನ್ನು ಒಮ್ಮೆ ನೋಡಿದಳು. "ನಾಳೆಯಿಂದ ಮೂಡಣದ ಜೊಂಡಿಗೂ ಯಾರೂ ಮೈ ತಾಗಿಸಬಾರದು," ಎಂದು ಗುಂಡನಿಗೆ ಹೇಳಿ, ಮರಿಯ ಕತ್ತು ಹಿಡಿದೆತ್ತಿ ಬಿಲದ ಕಡೆ ತಿರುಗಿದಳು.

ಅಷ್ಟರಲ್ಲಿ ದ್ಯಾಮಿ ಎಲ್ಲರಿಗಿಂತ ಮೊದಲು ಹೋಗಿ ಬಿಲದ ಬಾಯಿಗೆ ಅಡ್ಡ ನಿಂತಿದ್ದಳು.

"ಒದ್ದೆ ಮೈಯಲ್ಲಿ ಒಳಗೆ ಬರಬೇಡಿ," ಎಂದು ಗದರಿದಳು. "ನಡೀರಿ, ಎಲ್ಲರೂ ಮರಳಿನಲ್ಲಿ ಹೊರಳಿ ಬನ್ನಿ!"

ನೀತಿ: ಕಾರಣ ಹುಡುಕುವವರು ಮೊದಲೇ ಕಳ್ಳನನ್ನು ಗೊತ್ತುಮಾಡಿಕೊಳ್ಳಬಾರದು, ತಮ್ಮ ಬೆನ್ನಡಿಯನ್ನೂ ಪರೀಕ್ಷಿಸುವವರಿಗೇ ಮಡು ಉಳಿಯುತ್ತದೆ.